ನೀರು ಕುಡಿಯಲು ಎದ್ದ ಜಾಗಗಳು

ಹೋದ ತಿಂಗಳು ಕಚೇರಿಯ ಹಳೆಯ ಕಡತಗಳನ್ನು ವಿಲೇವಾರಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ತುಕ್ಕು ಹಿಡಿದ ಅಲ್ಮಾರಿಯ ತಳದ ಖಾನೆಯಲ್ಲಿ, ಕಾಲುವೆಯ ನಕಾಶೆಗಳ ಅಡಿ, ಕಾರ್ಬನ್ ಹಾಳೆಗಳ ಒಂದು ಪೊಟ್ಟಣ ಸಿಕ್ಕಿತು. ಅರ್ಧ ಬಳಸಿದ್ದು. ಬಿಚ್ಚಿದೊಡನೆ ಆ ವಾಸನೆ... ಮೇಣದ್ದೋ ಎಣ್ಣೆಯದ್ದೋ ಎಂದು ಹೇಳಲಾಗದ, ತುಸು ಕಮಟು ವಾಸನೆ. ಬೆರಳಿಗೆ ನೀಲಿ ಹತ್ತಿತು. ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟೆ.

ಆ ಹಾಳೆಗಳನ್ನು ಬಳಸುತ್ತಿದ್ದವರು ನಮ್ಮ ಕಚೇರಿಯ ಟೈಪಿಸ್ಟ್. ನಾವೆಲ್ಲ ಅವರನ್ನು ಬಾಯಾರು ಎನ್ನುತ್ತಿದ್ದೆವು. ನೌಕರಿ ಮಾಡುವ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. ಶಹಾಪುರದ ಈ ಕಾಲುವೆ ಕಚೇರಿಗೆ ನಾನು ಗುಮಾಸ್ತನಾಗಿ ಬಂದಾಗಲೇ ಅವರು ಅಲ್ಲಿ ಹತ್ತು-ಹನ್ನೆರಡು ವರ್ಷ ಕಳೆದಿದ್ದರು. ಬಾಗಿಲ ಪಕ್ಕದ ಮೇಜು, ಅದರ ಮೇಲೆ ಕನ್ನಡ ಟೈಪ್‌ರೈಟರ್. ಕಂಪ್ಯೂಟರ್ ಬಂದಿತ್ತು, ಆದರೆ ಅದು ಸಾಹೇಬರ ಕೋಣೆಯಲ್ಲಿ ಬಟ್ಟೆ ಹೊದ್ದು ಕುಳಿತಿರುತ್ತಿತ್ತು. ಯಾವ ಉಪಕಾಲುವೆಗೆ ಯಾವ ದಿನ ನೀರು ಬಿಡುತ್ತಾರೆ, ಯಾವ ತೂಬು ಬಂದ್ ಆಗುತ್ತದೆ ಎಂಬ ಸುದ್ದಿಯೆಲ್ಲ ಅವರ ಬೆರಳಿನಿಂದಲೇ ಹಳ್ಳಿಗಳಿಗೆ ಹೋಗುತ್ತಿತ್ತು. ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ನಾನು ಆಗ ಒಂದು ಕಾದಂಬರಿ ಬರೆಯುತ್ತಿದ್ದೆ. ಕಾಲುವೆ ತೋಡಿದ ಜನರ ಕಥೆ. ಮುಂಜಾನೆ ಐದೂವರೆಗೆ ಎದ್ದು ದಿನಕ್ಕೊಂದು ಪುಟ ಎಂದು ನೇಮ ಹಾಕಿಕೊಂಡಿದ್ದೆ. ನಾನು ಸುರಪುರದ ಶಾಲಾ ಮಾಸ್ತರರ ಮಗ. ಮಣ್ಣು ಹೊತ್ತವನಲ್ಲ, ಹೊತ್ತವರ ನಡುವೆ ಬೆಳೆದವನೂ ಅಲ್ಲ. ತೋಡುವುದರ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಕಚೇರಿಯ ಕಡತಗಳಿಂದ. ಬರೆದದ್ದನ್ನು ಸುರಪುರದ ಗೆಳೆಯರಿಗೆ ತೋರಿಸಿದರೆ "ಛಲೋ ಐತಿ" ಎನ್ನುತ್ತಿದ್ದರು. ಆ ಮಾತು ಹಿಡಿದುಕೊಂಡು ಒಂದು ಸಾಲನ್ನೂ ತಿದ್ದಲಾಗುತ್ತಿರಲಿಲ್ಲ.

ಒಂದು ದಿನ ಬಾಯಾರನ್ನು ಕೇಳಿದೆ, ಟೈಪ್ ಮಾಡಿಕೊಡುತ್ತೀರಾ ಎಂದು.

"ಊಟದ ಹೊತ್ತಿನ್ಯಾಗ ಮಾಡಿಕೊಡ್ತೀನ್ರಿ. ಹಾಳಿ ನೀವು ತರ್ರಿ," ಎಂದರು. ಆಮೇಲೆ, "ಕಾರ್ಬನ್ ಇಟ್ಟು ಹೊಡೀತೀನಿ. ಒಂದು ಪ್ರತಿ ನನಗಿರ್ಲಿ. ಮನ್ಯಾಗ ಓದತೀನಿ."

ಎರಡನೆಯ ವಾರ ಅವರ ಪ್ರತಿಯನ್ನು ನನಗೆ ತೋರಿಸಿದರು. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲ್ಲಿನ ಸಣ್ಣ ಚುಕ್ಕಿಗಳು. ಏನಿದು ಎಂದು ಕೇಳಿದೆ.

"ಅಲ್ಲಿ ನಾ ಎದ್ದು ನೀರು ಕುಡದು ಬಂದೀನ್ರಿ."

"ನೀರಡಿಸಿತ್ತೇನ್ರಿ?"

"ಇಲ್ಲ."

ಅಷ್ಟೇ ಹೇಳಿ ಯಂತ್ರಕ್ಕೆ ಹಾಳೆ ತೊಡಿಸಿದರು. ಆ ಪ್ರತಿಯನ್ನು ಮನೆಗೆ ಒಯ್ದು ಚುಕ್ಕಿ ಇದ್ದ ಜಾಗಗಳನ್ನು ಓದಿದೆ. ಎಲ್ಲವೂ ನಾನು ಬಹಳ ಮೆಚ್ಚಿಕೊಂಡು ಬರೆದ ಸಾಲುಗಳು. ಎರಡು ದಿನ ಸಿಟ್ಟಿತ್ತು. ಮೂರನೆಯ ದಿನ ಅವನ್ನೆಲ್ಲ ಹೊಡೆದು ಹಾಕಿದೆ, ಪುಟ ಹಗುರಾಯಿತು. ಹೀಗೆ ಒಂದು ವರ್ಷ ನಡೆಯಿತು. ಕಾದಂಬರಿ ನೂರು ಪುಟ ದಾಟಿತು. ಅಷ್ಟು ನೆಟ್ಟಗೆ ನನ್ನನ್ನು ಓದಿದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ, ಆಮೇಲೂ ಸಿಗಲಿಲ್ಲ.

ಅದೇ ಹೊತ್ತಿಗೆ ಕನ್ನಡದಲ್ಲಿ ಬ್ಲಾಗ್ ಬರೆಯುವ ಹುಚ್ಚು ಹಬ್ಬುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತು ನಾನೂ ಒಂದು ಬ್ಲಾಗ್ ಶುರು ಮಾಡಿದೆ. ಕಾದಂಬರಿಯ ತುಣುಕುಗಳನ್ನು ವಾರಕ್ಕೊಂದರಂತೆ ಹಾಕತೊಡಗಿದೆ. ಕಂಡು ಕೇಳರಿಯದ ಊರುಗಳ ಜನ ಅಡಿಯಲ್ಲಿ ಬರೆಯುತ್ತಿದ್ದರು: ಸೂಪರ್ ಸರ್, ಕಣ್ಣು ತುಂಬಿ ಬಂತು, ಮುಂದಿನ ಭಾಗ ಯಾವಾಗ... ದಿನಕ್ಕೆ ಎರಡು ಸಲ ಹೋಗಿ ಎಣಿಸಿ ಬರುವ ಚಟ ಹತ್ತಿತು. ಮುಂಜಾನೆಯ ಪುಟ ತಪ್ಪಿತು. ವಾರದ ಕೊನೆಗೆ ಬ್ಲಾಗಿಗೆ ಏನು ಹಾಕಲಿ ಎಂಬುದೇ ಯೋಚನೆಯಾಯಿತು. ಪ್ರತಿ ತುಣುಕಿನ ಕೊನೆಗೆ ಒಂದು ಅಳು ಇರಬೇಕು ಎಂದು ಕಂಡುಕೊಂಡೆ. ಅಳು ಇದ್ದಲ್ಲಿ ಪ್ರತಿಕ್ರಿಯೆ ಹೆಚ್ಚು ಬರುತ್ತಿತ್ತು. ಬಾಯಾರ ಪ್ರತಿಯಲ್ಲಿ ಚುಕ್ಕಿಗಳೂ ಹೆಚ್ಚಾದವು.

ಒಂದು ಮಧ್ಯಾಹ್ನ ಅವರು ಟೈಪ್ ಮಾಡುವುದನ್ನು ಅರ್ಧಕ್ಕೆ ನಿಲ್ಲಿಸಿದರು. ನಾನು ಮಣ್ಣಿನ ಬುಟ್ಟಿ ಹೊತ್ತ ಹೆಂಗಸರು ಸಂಜೆ ಹಾಡುತ್ತಾ ಬಿಡಾರಕ್ಕೆ ಮರಳುವ ಚಿತ್ರ ಬರೆದಿದ್ದೆ.

"ಯಾರೂ ಹಾಡ್ತಿದ್ದಿಲ್ರಿ," ಎಂದರು. "ದಣಿದಿರತಿದ್ರು."

"ನಿಮಗ್ಹೆಂಗ ಗೊತ್ತು?"

ಆಗ ಹೇಳಿದರು. ಅವರ ಅಪ್ಪ-ಅವ್ವ ದೋರನಹಳ್ಳಿಯವರು. ಕಾಲುವೆ ತೋಡುವಾಗ ಇಬ್ಬರೂ ಬಿಡಾರದಲ್ಲಿದ್ದು ಮಣ್ಣು ಹೊತ್ತವರು. ಬಾಯಾರಿಗೆ ಆಗ ಆರು ವರ್ಷ, ಕೆಳಗೆ ನಾಲ್ಕು ತಿಂಗಳ ತಮ್ಮ. ಕೂಸನ್ನು ಕಲ್ಲಿನ ರಾಶಿಯ ನೆರಳಲ್ಲಿ ಗೋಣಿಯ ಮೇಲೆ ಮಲಗಿಸಿ, ಅವ್ವ ಇವರನ್ನು ಕಾವಲಿಗೆ ಕೂರಿಸಿ ಹೋಗುತ್ತಿದ್ದಳು. ನೆರಳು ಸರಿದಂತೆ ಕೂಸನ್ನೂ ಸರಿಸಬೇಕು, ಅಷ್ಟೇ ಕೆಲಸ. ಒಂದು ದಿನ ಮಣ್ಣು ಅಗೆಯುವ ದೊಡ್ಡ ಯಂತ್ರ ಬಂತು. ಎಲ್ಲ ಮಕ್ಕಳೂ ನೋಡಲು ಓಡಿದರು. ಇವರೂ ಓಡಿದರು. ಮರಳಿ ಬಂದಾಗ ಕೂಸು ಬಿಸಿಲಲ್ಲಿತ್ತು... ನಮ್ಮ ಕಡೆಯ ಬೇಸಿಗೆಯ ಬಿಸಿಲು. ಸಂಜೆಗೆ ಕೂಸು ಹೋಯಿತು.

"ಅವ್ವ ಎಲ್ಲಾರಿಗೂ ನಾನಽ ಮರ್ತೆ ಅಂದಳ್ರಿ. ಅಪ್ಪಗೂ ಹಂಗಽ ಹೇಳಿದಳು. ಮೂವತ್ತು ವರ್ಷ ಆತು, ಮನ್ಯಾಗ ಏನರ ಜಗಳ ಬಂದ್ರ ಅಪ್ಪ ಅದನ್ನಽ ತೆಗೀತಾನ. ಕೂಸಿನ್ನ ಬಿಸಲಿಗೆ ಹಾಕಿದಾಕಿ ಅಂತಾನ. ಆಕಿ ಬಾಯಿ ಬಿಟ್ಟಿಲ್ಲ. ನಾನೂ ಬಿಟ್ಟಿಲ್ಲ."

ನಾನು ಕೇಳಿದ್ದು ಇಷ್ಟೇ: ಬರೆಯಲೇ?

"ಬರೀರಿ. ಆದ್ರ ಬ್ಲಾಗ್‌ನ್ಯಾಗ ಹಾಕಬ್ಯಾಡ್ರಿ. ಪುಸ್ತಕ ಪೂರಾ ಆಗ್ಲಿ, ನಮ್ಮವ್ವಗ ಓದಿ ಹೇಳೂಣು. ಆಕಿ ಹೂಂ ಅಂದ್ರ ಇರ್ಲಿ, ಇಲ್ಲಂದ್ರ ತೆಗದಬಿಡ್ರಿ."

ಆಯಿತು ಎಂದೆ. ಆ ಹೊತ್ತಿಗೆ ಮನಸ್ಸಿನಿಂದಲೇ ಹೇಳಿದ್ದೆ.

ಆ ಅಧ್ಯಾಯ ಮೂರೇ ಮುಂಜಾನೆಯಲ್ಲಿ ಮುಗಿಯಿತು. ಬಾಯಾರಿಗೆ ಟೈಪಿಗೆ ಇನ್ನೂ ಕೊಟ್ಟಿರಲಿಲ್ಲ. ನಾನು ಬರೆದದ್ದರಲ್ಲೆಲ್ಲ ಅದು ಮೇಲಾದದ್ದು ಎಂದು ಬರೆಯುವಾಗಲೇ ಗೊತ್ತಾಗಿತ್ತು. ಅದರ ಹಿಂದಿನ ವಾರ ಬ್ಲಾಗಿಗೆ ಹಾಕಿದ ತುಣುಕಿಗೆ ಒಬ್ಬರೂ ಏನೂ ಬರೆದಿರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಶನಿವಾರ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತು ಒಂದು ಗಂಟೆ ಯೋಚಿಸಿದೆ. ಊರ ಹೆಸರು ಬದಲಿಸಿದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಹಾಕಿಬಿಟ್ಟೆ. ಊರ ಹೆಸರನ್ನೇನೋ ಬದಲಿಸಿದೆ. ಆದರೆ ಕೊನೆಯಲ್ಲಿ, ಆ ಹುಡುಗಿ ದೊಡ್ಡವಳಾಗಿ ಅದೇ ಕಾಲುವೆಯ ಕಚೇರಿಯಲ್ಲಿ ಟೈಪಿಸ್ಟ್ ಆದಳು, ನೀರು ಬಿಡುವ ದಿನಗಳನ್ನು ಅವಳೇ ಟೈಪ್ ಮಾಡುತ್ತಾಳೆ ಎಂಬ ಸಾಲಿತ್ತು. ಅದನ್ನು ತೆಗೆಯಲು ಮನಸ್ಸು ಬರಲಿಲ್ಲ. ಆ ಸಾಲು ಚೆನ್ನಾಗಿತ್ತು.

ಸೋಮವಾರದ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದಿದ್ದವು. ಜಿಲ್ಲೆಯ ಒಂದು ಪತ್ರಿಕೆಯವರು ಭಾನುವಾರದ ಪುರವಣಿಗೆ ಬಳಸಬಹುದೇ ಎಂದು ಕೇಳಿದ್ದರು. ಬಹುದು ಎಂದು ಬರೆದೆ. ಬಾಯಾರು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಕುಳಿತಿದ್ದ ಆ ಇಡೀ ವಾರ ನಾನು ಅವರಿಗೆ ಏನೂ ಹೇಳಲಿಲ್ಲ.

ಮುಂದಿನ ಸೋಮವಾರ ಅಟೆಂಡರ್ ಆ ಪತ್ರಿಕೆ ಹಿಡಿದುಕೊಂಡು ಬಂದ. ಅವನಿಗೆ ಕೆಟ್ಟ ಉದ್ದೇಶವಿರಲಿಲ್ಲ.

"ಬಾಯಾರ, ಇದು ನಿಮ್ಮ ಕಥಿ ಅಲ್ರಿ? ಕಾಲುವಿ ಆಫೀಸಿನ ಟೈಪಿಸ್ಟ್ ಅಂದ್ರ ನೀವಽ ಅಲ್ಲೇನ್ರಿ?"

ಅವರು ಟೈಪ್ ಮಾಡುತ್ತಿದ್ದ ಪತ್ರವನ್ನು ಮುಗಿಸಿದರು. ಹಾಳೆ ಹೊರಗೆಳೆದು ಕಡತದಲ್ಲಿಟ್ಟರು. ಆಮೇಲೆ ಪತ್ರಿಕೆ ತೆಗೆದುಕೊಂಡು ಕೊನೆಯವರೆಗೂ ಓದಿದರು. ನನ್ನ ಮೇಜಿನ ಬಳಿ ಬಂದು ನಿಂತಾಗ ಅವರ ದನಿ ಎಂದಿನಂತೆಯೇ ಇತ್ತು.

"ಪುಸ್ತಕ ಪೂರಾ ಆಗ್ಲಿ ಅಂತ ಹೇಳಿದ್ದೆ ನಾ."

ನಾನು ಏನೋ ತೊದಲಿದೆ. ಕೇಳಿಸಿಕೊಳ್ಳಲು ಅವರು ನಿಲ್ಲಲಿಲ್ಲ. ಅಲ್ಲಿಂದ ಮುಂದೆ ನಮ್ಮ ನಡುವೆ ಸರಕಾರಿ ಪತ್ರಗಳ ಮಾತು ಮಾತ್ರ ಉಳಿಯಿತು.

ದೋರನಹಳ್ಳಿಯ ಹೋಟೆಲಿನಲ್ಲಿ ಯಾರೋ ಅವರ ಅಪ್ಪನ ಎದುರಿಗೇ ಅದನ್ನು ಓದಿದ್ದರು. ಆ ವಾರ ಮಗಳು ಊರಿಗೆ ಹೋದಾಗ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಕುಳಿತರಂತೆ. ಅದರ ಮುಂದಿನ ವಾರವೂ ಹಾಗೆಯೇ. ಇದೆಲ್ಲ ನನಗೆ ಬೇರೆಯವರಿಂದ ತಿಳಿಯಿತು.

ತಡೆಯಲಾಗದೆ ಒಂದು ಬೆಳಿಗ್ಗೆ ದೋರನಹಳ್ಳಿಗೆ ಹೋದೆ. ಅವರ ಅಪ್ಪ ಹೊಲಕ್ಕೆ ಹೋಗಿದ್ದರು. ಅವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಾ ಕುಳಿತಿದ್ದರು. ನಾನು ಯಾರು ಎಂದು ಹೇಳಿದೆ.

"ನೀನೇನಪಾ ಬರದಾಂವ? ಕುಂದುರು," ಎಂದರು.

ತಪ್ಪಾಯಿತು ಎಂದೆ. ಅವರ ಕೈ ನಿಲ್ಲಲಿಲ್ಲ.

"ನನಗ ಓದಾಕ ಬರಂಗಿಲ್ಲ. ಮೊಮ್ಮಗಳು ಓದಿ ಹೇಳಿದಳು. ಖರೇನಽ ಬರದೀ, ಸುಳ್ಳಂತ ನಾ ಅನ್ನಾಂಗಿಲ್ಲ. ಆದ್ರ ಆಕಿ ಆರು ವರ್ಷದಾಕಿ ಇದ್ದಳಪಾ. ಆ ಹೊರಿ ಆಕಿಗೆ ಬ್ಯಾಡಂತ ನಾ ಹೊತಗೊಂಡಿದ್ದೆ. ನನಗ ರೂಢಿ ಆಗಿತ್ತು. ನೀ ಅದನ್ನ ಇಳಿಸಿ ಆಕಿ ತೆಲಿಮ್ಯಾಲ ಇಟ್ಟಿ."

ಕುಡಿಯಲು ನೀರು ಕೊಟ್ಟರು. ಎದ್ದು ಹೊರಟಾಗ ಮತ್ತೆ ಮಾತಾಡಿದರು.

"ಕೂಸಿಗಿ ಇನ್ನಾ ಹೆಸರಿಟ್ಟಿದ್ದಿಲ್ಲ ಅಂತ ಬರದೀಯಂತಲ್ಲ. ಅದೊಂದು ಸುಳ್ಳು. ಇಟ್ಟಿದ್ವಿ."

ಏನು ಹೆಸರು ಎಂದು ಕೇಳುವ ಧೈರ್ಯವಾಗಲಿಲ್ಲ. ಅವರೂ ಹೇಳಲಿಲ್ಲ.

ಅವರ ಅಪ್ಪ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಅಷ್ಟರೊಳಗೆ ಮಗಳೊಂದಿಗೆ ಮಾತಾಡಿದರೋ ಇಲ್ಲವೋ... ಇಲ್ಲವೆಂದೇ ಕೇಳಿದ್ದೇನೆ. ಬಾಯಾರು ಯಾದಗಿರಿಗೆ ವರ್ಗ ಮಾಡಿಸಿಕೊಂಡರು; ಅವರ ಯಜಮಾನರು ಅಲ್ಲಿ ಮಾಸ್ತರರಾಗಿದ್ದರು. ಹೋಗುವ ದಿನ ನನ್ನ ಮೇಜಿನ ಮೇಲೆ ಒಂದು ಕಟ್ಟು ಇಟ್ಟು ಹೋದರು. ನಾನು ಊಟಕ್ಕೆ ಹೋಗಿದ್ದ ಹೊತ್ತು ನೋಡಿಯೇ ಇಟ್ಟಿರಬೇಕು. ಅವರ ಪಾಲಿನ ಕಾರ್ಬನ್ ಪ್ರತಿಯೆಲ್ಲ ಅದರಲ್ಲಿತ್ತು, ಚುಕ್ಕಿಗಳ ಸಮೇತ. ಕೊನೆಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಆ ಅಧ್ಯಾಯ. ಅದರ ಅಂಚಿನಲ್ಲಿ ಒಂದೂ ಚುಕ್ಕಿ ಇರಲಿಲ್ಲ.

ಬ್ಲಾಗನ್ನು ಅಂದೇ ಅಳಿಸಿಹಾಕಿದೆ. ಅದು ಅವರಿಗೆ ಮಾಡುವ ಮರ್ಯಾದೆ ಎಂದುಕೊಂಡಿದ್ದೆ. ಆಮೇಲೆ ನಾಲ್ಕು ವರ್ಷ ಏನನ್ನೂ ಬರೆಯಲಿಲ್ಲ. ಮತ್ತೆ ಶುರು ಮಾಡಿದಾಗ ಮುಂಜಾನೆ ಅರ್ಧ ಪುಟ, ಕೆಲವು ಸಲ ನಾಲ್ಕು ಸಾಲು. ಯಾರಿಗೂ ತೋರಿಸಲಿಲ್ಲ. ಅವರ ಸುದ್ದಿ ಬಂದರೆ ನಾನೇ ಎದ್ದು ಆಚೆ ಹೋಗುತ್ತಿದ್ದೆ. ಹೋದ ವರ್ಷ ಕಾದಂಬರಿ ಮುಗಿಯಿತು. ಆ ಅಧ್ಯಾಯವನ್ನು ತೆಗೆದುಹಾಕಿದ್ದೇನೆ.

ಕಾರ್ಬನ್ ಸಿಕ್ಕ ವಾರದ ಭಾನುವಾರ ಹಸ್ತಪ್ರತಿಯನ್ನು ಚೀಲದಲ್ಲಿ ಹಾಕಿಕೊಂಡು ಯಾದಗಿರಿಗೆ ಹೋದೆ. ಓದುತ್ತಾರೋ ಬೈಯುತ್ತಾರೋ, ಎರಡಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬಾಗಿಲು ತೆಗೆದವರು ಅವರ ಯಜಮಾನರು. ಒಳಗೆ ಕಾಲಿಟ್ಟಾಗ ಗೋಡೆಯ ಮೇಲೆ ಬಾಯಾರ ಫೋಟೋ ಕಂಡಿತು, ಅದಕ್ಕೆ ಹಾರ ಹಾಕಿತ್ತು. ಹೋದ ಶ್ರಾವಣದಲ್ಲಿ ತೀರಿಕೊಂಡರಂತೆ. ಕಾಯಿಲೆ ತಿಳಿದದ್ದೇ ತಡವಾಗಿ. ಅವರ ಅವ್ವ ಅದಕ್ಕಿಂತ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು.

ನನ್ನ ಗುರುತು ಯಜಮಾನರಿಗಿತ್ತು. ಬೇಸರವನ್ನೇನೂ ತೋರಿಸಲಿಲ್ಲ. ಚಹಾ ತಂದುಕೊಟ್ಟರು. ಸ್ವಲ್ಪ ಹೊತ್ತಿನ ನಂತರ ಕೇಳಿದರು.

"ನಿಮ್ಮ ಆ ಬ್ಲಾಗ್ ಇನ್ನಾ ಚಾಲೂ ಐತೇನ್ರಿ?"

"ಇಲ್ರಿ. ಆವಾಗಽ ಬಂದ್ ಮಾಡಿದೆ."

"ಹಂಗಾರ ಅದಕ್ಕಽ. ಫೋನ್ ಬಂದಮ್ಯಾಲ ಆಕಿ ಎಷ್ಟೋ ಸಲ ಹುಡುಕಿ ನೋಡ್ತಿದ್ದಳ್ರಿ. ಏನೂ ಬರವಲ್ದು, ನೆಟ್‌ವರ್ಕ್ ಇಲ್ಲೇನು ನೋಡ್ರಿ ಅಂತ ನನಗ ಕೇಳ್ತಿದ್ದಳು."

ಚೀಲ ತೊಡೆಯ ಮೇಲೆಯೇ ಇತ್ತು, ತೆರೆಯಲಿಲ್ಲ. ಹೊರಡುವ ಮುಂಚೆ, ಈ ಸಲವಾದರೂ ಕೇಳಬೇಕು ಎನ್ನಿಸಿ, ಬಾಯಾರ ಬಗ್ಗೆ ಬರೆಯಲೇ ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿದರು.

"ಬ್ಯಾಡ ಅನ್ನಾವರು ಈಗ ಯಾರದಾರ್ರಿ."

ಅದು ಒಪ್ಪಿಗೆಯಲ್ಲ ಎಂದು ನನಗೆ ಗೊತ್ತು. ಆದರೂ ಬರೆದಿದ್ದೇನೆ.