ತುಕ್ಕು ಬಣ್ಣದ ಡೇರೆ

ಡೇರೆ ಅಕ್ಕ ನನ್ನ ಹೂವಿನಂಗಡಿಗೆ ಬಂದ ಮೊದಲ ದಿನವೇ ಮೇಜಿನ ಮೇಲಿದ್ದ ನನ್ನ ಕತ್ತರಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಇದರಲ್ಲಿ ಬೇರೆಯವರ ಹೂವನ್ನೂ ಕತ್ತರಿಸ್ತೀಯಾ?"

"ಹೂವಿನಂಗಡಿ ಅಲ್ವಾ ಅಕ್ಕ, ಮತ್ತೇನು ಕೋಳಿ ಕತ್ತರಿಸ್ಲಾ?" ಅಂದೆ.

ಅವಳು ನಗಲಿಲ್ಲ. ಕತ್ತರಿಯನ್ನು ಬಕೆಟ್ಟಿನ ನೀರಲ್ಲಿ ಅದ್ದಿ, ತೊಳೆದು, ಒರೆಸಿ ಇಟ್ಟಳು. ಒಂದು ಗಿಡದ ರೋಗ ಕತ್ತರಿಯ ಬಾಯಿಂದ ಇನ್ನೊಂದು ಗಿಡಕ್ಕೆ ದಾಟುತ್ತದೆ ಎನ್ನುವುದು ನನಗೆ ತಿಳಿದದ್ದು ಆಮೇಲೆ. ಆವತ್ತು ಮಾತ್ರ ಈ ಹೆಂಗಸಿನ ಜೊತೆ ಏಗುವುದು ನನ್ನ ಕೈಲಾಗುವ ಕೆಲಸವಲ್ಲ ಅನ್ನಿಸಿತ್ತು. ಏಗಿದೆ. ಯಾಕೆಂದರೆ ಅಂಥ ಡೇರೆ ಹೂವನ್ನು ಬೇರೆ ಯಾರೂ ತರುತ್ತಿರಲಿಲ್ಲ. ಅನ್ನದ ತಟ್ಟೆಯಷ್ಟು ಅಗಲದ ಹಳದಿ, ಚೆಂಡಿನಂತೆ ಬಿಗಿದುಕೊಂಡ ನೇರಳೆ, ಎಸಳಿನ ತುದಿ ಸೀಳಿ ಕೂದಲು ಬಿಟ್ಟಂತೆ ಕಾಣುವ ಬಿಳಿ. ಒಂದೊಂದು ದಂಟಿನ ಬುಡವೂ ಬಿಸಿನೀರಲ್ಲಿ ಬೆಂದು ಕಂದಿರುತ್ತಿತ್ತು. ಹಾಗೆ ಮಾಡಿದರೆ ಹೂವು ಬೇಗ ಬಾಡುವುದಿಲ್ಲವಂತೆ.

"ಅದಕ್ಕೂ ಆಗತ್ತೆ, ಇನ್ನೊಂದಕ್ಕೂ ಆಗತ್ತೆ" ಅಂದಳು ಒಮ್ಮೆ.

"ಇನ್ನೊಂದು ಅಂದ್ರೆ?"

"ಬೆಂದ ದಂಟನ್ನ ಯಾರು ಮಣ್ಣಿಗೆ ಚುಚ್ಚಿದ್ರೂ ಬೇರು ಬರಲ್ಲ." ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಹೂವಿನ ದಂಟು ಬೇಯಿಸದಿದ್ದರೂ ಬೇರು ಬಿಡುವುದು ಅಪರೂಪ ಅಂತ ಅವಳಿಗೆ ಗೊತ್ತಿತ್ತು. ಆದರೂ ನನ್ನನ್ನು ನಂಬಿ ಬಿಡುವ ಪೈಕಿಯವಳಲ್ಲ.

ಊರಿನ ಅಂಚಿನಲ್ಲಿ, ಹೆಂಚಿನ ಕಾರ್ಖಾನೆಯ ಹಿಂಗೋಡೆಗೆ ಆನಿಕೊಂಡಂತೆ ಅಕ್ಕನ ಮನೆಯ ತೋಟ. ತೋಟ ಅನ್ನುವುದು ದೊಡ್ಡ ಮಾತು. ಒಂದು ತುದಿಯಲ್ಲಿ ನಿಂತು ಸೀನಿದರೆ ಇನ್ನೊಂದು ತುದಿಯ ಹೂವು ಅಲ್ಲಾಡಬೇಕು, ಅಷ್ಟೇ ಜಾಗ. ಅದರ ನಡುವೆ ಎರಡು ಕೋಣೆಯ ಮನೆ. ಮುಂದಿನ ಕೋಣೆ ಅಕ್ಕನದು. ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೂ ಅವನ ಮೇಜು, ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಎಲ್ಲ ಅಲ್ಲೇ ಇದ್ದವು. ಹಿಂದಿನ ಕೋಣೆಯಲ್ಲಿ ಮೈದುನ ಮತ್ತು ಅವನ ಹೆಂಡತಿ. ಮೈದುನ ಲಾರಿ ಡ್ರೈವರು. ಮನೆಗೆ ಬರುತ್ತಿದ್ದುದೇ ನೆಂಟನ ಹಾಗೆ. ಹೀಗಾಗಿ ಆ ಮನೆ, ಆ ಮಣ್ಣು, ಆ ಗಿಡ ಅಂದರೆ ವಾರಗಿತ್ತಿಯರಿಬ್ಬರೇ. ಕಿರಿಯವಳು ಮಾತಿನಲ್ಲಿ ಮೆತ್ತಗೆ, ಕೆಲಸದಲ್ಲಿ ಚುರುಕು. ಹಿರಿಯವಳು ಹೇಳುವುದು, ಕಿರಿಯವಳು ಅಗೆಯುವುದು. ವರ್ಷಾನುಗಟ್ಟಲೆ ಹೀಗೇ ನಡೆದಿತ್ತು.

ಅಕ್ಕನಿಗೆ ಡೇರೆಯ ಹುಚ್ಚು ಹತ್ತಿಸಿದ್ದು ಅತ್ತೆ. ಆಕೆ ತರಕಾರಿ ಪಾತಿಯ ಬದಿಗೆ ಒಂದೇ ಜಾತಿಯ ಇಟ್ಟಿಗೆಗೆಂಪು ಡೇರೆ ಬೆಳೆಸುತ್ತಿದ್ದಳಂತೆ. ಪ್ರತಿ ವರ್ಷ ಗಡ್ಡೆ ಅಗೆದು, ಮರಳಿನಲ್ಲಿ ಹೂತು, ಮಂಚದ ಕೆಳಗಿಟ್ಟು, ಮತ್ತೆ ನೆಡುವುದು. ಗಡ್ಡೆಯಿಂದ ಬಂದದ್ದು ಅದೇ ಗಿಡ, ಅದೇ ಹೂವು. ಹೊಸ ಸೊಸೆಯಾಗಿದ್ದ ಅಕ್ಕ ಒಮ್ಮೆ ಒಣಗಿದ ಹೂವೊಂದರ ಬೀಜ ಉದುರಿಸಿ ಬಿತ್ತಿದಳು. ಬಂದ ಸಸಿಗಳಲ್ಲಿ ಒಂದೂ ತಾಯಿಯಂತಿರಲಿಲ್ಲ. ಒಂದರಂತೆ ಇನ್ನೊಂದೂ ಇರಲಿಲ್ಲ. ಬೀಜದೊಳಗೆ ಏನಿದೆಯೋ ಹೂವು ಬಿಡುವ ತನಕ ಯಾರಿಗೂ ತಿಳಿಯದು. ಬಿಟ್ಟ ಮೇಲೂ ನಂಬುವಂತಿಲ್ಲ. ಮೊದಲ ವರ್ಷ ಮೆರೆದದ್ದು ಮರುವರ್ಷ ಕುತ್ತಿಗೆ ಬಗ್ಗಿಸಿ ನಿಲ್ಲುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ. ಬಂದ ಸಸಿಗಳಲ್ಲಿ ಬಹುಪಾಲನ್ನು ಕಿತ್ತೆಸೆಯುವುದೇ ಈ ಕಸುಬು. ಅಕ್ಕನ ಗುಣಕ್ಕೆ ಹೇಳಿ ಮಾಡಿಸಿದಂತಿತ್ತು. ಎಲ್ಲ ಹೂವಿನ ಮೇಲೂ ಅನುಮಾನ. ಅನುಮಾನದ ಪರೀಕ್ಷೆಯಲ್ಲಿ ಗೆದ್ದದ್ದು ಮಾತ್ರ ತೋಟದಲ್ಲಿ ಉಳಿಯುತ್ತಿತ್ತು. ತೊಂದರೆ ಏನೆಂದರೆ, ತೋಟದ ಗೇಟು ದಾಟಿದ ಮೇಲೂ ಅವಳು ಅದೇ ಕಣ್ಣಲ್ಲಿ ಜನರನ್ನು ನೋಡುತ್ತಿದ್ದಳು.

ಹೀಗಿರುವಾಗ ಒಂದು ಸಸಿ ಗೆದ್ದಿತು. ಎಸಳಿನ ಒಳಗೆ ಹಳೇ ಕಬ್ಬಿಣದ ಬಣ್ಣ, ಅಂಚಿನಲ್ಲಿ ಹಾಲಿನ ಕೆನೆಯ ಗೆರೆ, ಹಿಂಬದಿಗೆ ತೆಳ್ಳಗೆ ಹೊಗೆ ಹಿಡಿದಂತೆ. ನಾನು ಎಷ್ಟೋ ಹೂವು ಮುಟ್ಟಿದವಳು. ಅದನ್ನು ಕಂಡಾಗ ಕೈ ಹಿಂದಕ್ಕೆ ಎಳೆದುಕೊಂಡೆ, ಮುಟ್ಟಿದರೆ ಬಣ್ಣ ಅಂಟೀತೇನೋ ಎಂಬಂತೆ. ಏನು ಹೆಸರಿಟ್ಟೆ ಅಕ್ಕ ಅಂದರೆ "ತುಕ್ಕು" ಅಂದಳು.

"ಅಯ್ಯೋ, ಇಂಥ ಹೂವಿಗೆ ಅದೂ ಒಂದು ಹೆಸರಾ?"

"ಚಂದದ ಹೆಸರಿಟ್ರೆ ನಾಲ್ಕು ಜನ ಕೇಳ್ತಾರೆ. ಕೇಳಿದವರಲ್ಲಿ ಒಬ್ಬ ಬೇಲಿ ಹಾರ್ತಾನೆ."

ಹಾರುವವನು ಯಾರೆಂದೂ ಅವಳು ಗೊತ್ತುಮಾಡಿಕೊಂಡಿದ್ದಳು: ಪಕ್ಕದ ತೋಟದವನು, ನಾವೆಲ್ಲ ಮೀಸೆ ಅನ್ನುವವನು. ಅವನದು ಸಾದಾ ಹೂವಿನ ಬೆಳೆ. ಬೇಲಿಯುದ್ದಕ್ಕೂ ಕೆನೆ ಬಣ್ಣದ ಪುಟ್ಟ ಡೇರೆ ಒಂದು ಸಾಲು ಬಿಟ್ಟರೆ ಅವನಿಗೆ ಈ ಹೂವಿನ ಗೊಡವೆಯೇ ಇರಲಿಲ್ಲ. ಆದರೂ ಅವನು ಮೀಸೆ ನೀವಿಕೊಂಡರೆ ಅಕ್ಕನಿಗೆ ಏನೋ ಸಂಚು ಕಾಣುತ್ತಿತ್ತು. ಹಿಂದೊಮ್ಮೆ ತನ್ನ ಗಿಡದ ಹೂವೊಂದಕ್ಕೆ ಸೊಳ್ಳೆಪರದೆಯ ಚೂರು ಕಟ್ಟಿದ್ದನ್ನು ನೋಡಿ, ಇದು ಮೀಸೆಯೇ ಕದಿಯಲು ಇಟ್ಟ ಗುರುತು ಅಂತ ಕಿತ್ತೆಸೆದು, ಅವನ ಜೊತೆ ಒಂದಿಡೀ ಹಂಗಾಮು ಮಾತು ಬಿಟ್ಟಿದ್ದಳು. ಪಾಪ, ಅವನಿಗೆ ಕಾರಣವೇ ಗೊತ್ತಿರಲಿಲ್ಲ.

ತುಕ್ಕು ಎರಡನೆಯ ವರ್ಷವೂ ತಲೆ ಎತ್ತಿ ನಿಂತಿತು. ಮೂರನೆಯ ವರ್ಷ ಗಡ್ಡೆಗಳನ್ನು ಕುಂಡದಲ್ಲಿ ಮೊಳಕೆಗಿಟ್ಟಾಗ ಅನಾಹುತವಾಯಿತು. ಬುಡದಿಂದ ಬಂದಿದ್ದ ಬೆರಳುದ್ದದ ಚಿಗುರುಗಳಲ್ಲಿ ಎರಡು ಮಾಯ. ಅಂಥ ಚಿಗುರನ್ನು ಒದ್ದೆ ಮರಳಿಗೆ ಚುಚ್ಚಿದರೆ ಸಾಕು, ಗಡ್ಡೆಯೇ ಬೇಡ, ತದ್ರೂಪು ಗಿಡ ಸಿದ್ಧ. ಅಕ್ಕ ಕುಂಡವನ್ನು ಬೆಳಕಿಗೆ ತಂದಳು. ಗಂಡನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಗಾಯ ನೋಡಿದಳು. ಬಸವನಹುಳು ಮೇಯ್ದದ್ದಲ್ಲ, ಇಲಿ ಕಡಿದದ್ದಲ್ಲ. ಗಿಣ್ಣಿನ ಸ್ವಲ್ಪ ಕೆಳಗೆ, ಬ್ಲೇಡಿನಿಂದ, ಒಂದೇ ಎಳೆತಕ್ಕೆ ಕೊಯ್ದದ್ದು. ಕೆಲಸ ಬಲ್ಲ ಕೈ.

ಮರುದಿನ ನನ್ನ ಅಂಗಡಿಗೆ ಬಂದವಳು ಬಾಗಿಲ ಬಳಿಯೇ ನಿಂತು ನನ್ನ ಕುಂಡಗಳನ್ನೆಲ್ಲ ಕಣ್ಣಲ್ಲೇ ತಡಕಿದಳು. "ಹಿತ್ತಲಲ್ಲಿ ಏನೇನು ನೆಟ್ಟಿದೀಯ?" ಅಂತ ಕೇಳಿದಳು.

"ಹಿತ್ತಲೇ ಇಲ್ಲ ಅಕ್ಕ. ಬಚ್ಚಲು ಇದೆ, ನೋಡ್ತೀಯಾ?"

ನೋಡಿದಳು! ನನ್ನ ಬಚ್ಚಲಿಗೆ ಹೋಗಿ, ಬಕೆಟ್ಟಿನ ಹಿಂದೆ ಬಗ್ಗಿ ನೋಡಿ ಬಂದಳು. ಸಿಟ್ಟು ನೆತ್ತಿಗೇರಿತು ನನಗೆ. ಆದರೆ ಆ ಮುಖ ನೋಡಿದರೆ ಬೈಯಲು ಬಾಯಿ ಬರಲಿಲ್ಲ. ಮಗು ಕಳೆದುಕೊಂಡು ಬೀದಿ ಸುತ್ತುವವರ ಮುಖದಂತಿತ್ತು.

ಆಮೇಲೆ ಅವಳು ಹೂಡಿದ ಆಟ ನನಗೆ ತಿಳಿದದ್ದು ಎಷ್ಟೋ ಕಾಲದ ನಂತರ. ನಿಜವಾದ ತುಕ್ಕಿನ ಕುಂಡವನ್ನು ತನ್ನ ಕೋಣೆಯ ಕಿಟಕಿಗೆ ಸಾಗಿಸಿ, ಅತ್ತೆಯ ಕಾಲದ ಕೆಂಪು ಡೇರೆಯ ಮೂರು ಕುಂಡಗಳನ್ನು ಮೂರು ಕಡೆ ಇಟ್ಟಳು. ಮೊಳಕೆಯಲ್ಲಿ ಡೇರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ನನ್ನ ಹತ್ತಿರ, "ತುಕ್ಕನ್ನ ಪಂಪಿನ ಪಕ್ಕ ಇಟ್ಟಿದೀನಿ ಕಣೇ, ಯಾರಿಗೂ ಹೇಳ್ಬೇಡ" ಅಂದಳು. ಮೀಸೆಗೆ ಕೇಳುವಂತೆ, ಅದು ಬೇಲಿಯ ಬಳಿ ಇದೆ ಅಂತ ತನ್ನಷ್ಟಕ್ಕೆ ಗೊಣಗಿದಳು. ವಾರಗಿತ್ತಿಗೆ ನೀರಿನ ತೊಟ್ಟಿಯ ಮರೆಯಲ್ಲಿರುವ ಕುಂಡ ತೋರಿಸಿ, "ಅದರ ಮೇಲೆ ಒಂದು ಕಣ್ಣಿಟ್ಟಿರು" ಅಂದಳು. ಆಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು.

ಪಂಪಿನ ಕುಂಡ ಮುಟ್ಟಿದವರಿಲ್ಲ. ಬೇಲಿಯ ಕುಂಡವನ್ನು ಮೂಸಿದವರಿಲ್ಲ. ತೊಟ್ಟಿಯ ಮರೆಯ ಕುಂಡದಲ್ಲಿ ಎರಡು ಚಿಗುರು ಹೋದವು. ಗಿಣ್ಣಿನ ಕೆಳಗೆ, ಬ್ಲೇಡಿನಿಂದ, ಒಂದೇ ಎಳೆತಕ್ಕೆ.

ಗೊತ್ತಾದ ಮೇಲೂ ಅಕ್ಕ ತಕ್ಷಣ ಬಾಯಿ ಬಿಡಲಿಲ್ಲ. ಅದೇ ಒಲೆಯ ಮುಂದೆ, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಇಬ್ಬರೂ ಉಂಡರು. ಕಿರಿಯವಳು ಚಹಾ ಕೊಟ್ಟರೆ ಈಕೆ ಲೋಟವನ್ನು ಒಂದು ಗಳಿಗೆ ದಿಟ್ಟಿಸಿ ಕುಡಿಯುವಳು. ಕಿರಿಯವಳು ಹೊರಗೆ ಹೋದರೆ ಎಲ್ಲಿಗೆ, ಬಂದರೆ ಎಲ್ಲಿಂದ. ಮೀಸೆಯ ತೋಟದ ಕಡೆ ನಗುತ್ತಾ ಕೈ ಬೀಸಿದಳೆಂದು ಅದಕ್ಕೊಂದು ಬೇರೆ ಲೆಕ್ಕಾಚಾರ. "ಅವರಿಬ್ಬರೂ ಸೇರ್ಕೊಂಡಿದಾರೆ" ಅಂತ ನನ್ನ ಬಳಿ ಬಂದು ಪಿಸುಗುಟ್ಟಿದಳು. ಆವತ್ತು ನನ್ನನ್ನು ಸಂಶಯದಿಂದ ಬಿಡುಗಡೆ ಮಾಡಿದ್ದಾಳೆ ಅಂತ ತಿಳಿದು ಖುಷಿಪಡಬೇಕೋ ಬೇಡವೋ ಗೊತ್ತಾಗಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಕಿರಿಯವಳು ಬಟ್ಟೆ ಒಗೆಯುತ್ತಿದ್ದಾಗ ಅಕ್ಕ ಹಿಂದಿನ ಕೋಣೆಗೆ ನುಗ್ಗಿ ಮಂಚದ ಅಡಿ, ಪೆಟ್ಟಿಗೆಯ ಹಿಂದೆ ಹುಡುಕಿದಳು. ಏನೂ ಇರಲಿಲ್ಲ. ಹೊರಗೆ ಬಂದರೆ, ಕಿಟಕಿಯ ಹೊರಗಟ್ಟೆಯ ಮೇಲೆ, ಎಲ್ಲರ ಕಣ್ಣಿಗೂ ಕಾಣುವಂತೆ ಒಂದು ಮರಳಿನ ತಟ್ಟೆ. ಅದರಲ್ಲಿ ನಾಲ್ಕು ಚಿಗುರು.

"ಸಿಕ್ಕಿಬಿದ್ದೆಯಲ್ಲ!" ಅಕ್ಕ ತಟ್ಟೆಯನ್ನು ಎತ್ತಿ ಹಿಡಿದಳು. "ಒಂದೇ ಒಲೆಯ ಅನ್ನ ತಿಂದು ಈ ಕೆಲಸ ಮಾಡಿದೆಯಲ್ಲೇ! ಕೇಳಿಲ್ಲಿ, ತೊಟ್ಟಿ ಹತ್ತಿರದ್ದು ತುಕ್ಕಲ್ಲ. ಬರೀ ಕೆಂಪು. ಬೇಕಂತಲೇ ಇಟ್ಟಿದ್ದೆ."

ಕಿರಿಯವಳು ಒದ್ದೆ ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟಳು. "ಗೊತ್ತಿತ್ತು" ಅಂದಳು.

"ಏನು ಗೊತ್ತಿತ್ತು?"

"ತುಕ್ಕಿನ ಚಿಗುರು ಬುಡದಲ್ಲಿ ಕಪ್ಪಗಿರತ್ತೆ ಅಕ್ಕ. ಅದು ಹಸಿರಾಗಿತ್ತು. ನೀನು ನನ್ನ ಪರೀಕ್ಷೆ ಮಾಡ್ತಿದೀಯ ಅಂತ ನೋಡಿದ ಕೂಡ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಕೊಯ್ದೆಯಾ?"

"ನಿಂಗೆ ಗೊತ್ತಾಗ್ಲಿ ಅಂತಲೇ ಕೊಯ್ದೆ. ನಾನಾಗಿ ಬಂದು ಹೇಳೋಕೆ ಧೈರ್ಯ ಇರ್ಲಿಲ್ಲ. ನೀನೇ ಕೇಳಿದ್ರೆ ಹೇಳ್ಬಹುದು ಅಂತ."

"ಹೇಳೋದೇನಿದೆ? ಕದ್ದಿದೀಯ."

"ಕದ್ದಿಲ್ಲ. ನಂದನ್ನ ನಾನು ತಗೊಂಡೆ."

ಆಮೇಲೆ ಅವಳು ಹೇಳಿದ್ದು ಇಷ್ಟು. ಆ ಸೊಳ್ಳೆಪರದೆಯ ಚೂರು ಕಟ್ಟಿದವಳು ಅವಳೇ. ಅತ್ತೆಯ ಕೆಂಪು ಡೇರೆಯ ಹೂವೊಂದು ಹಳತಾಗಿ ನಡುವಿನ ಹಳದಿ ಕಣ್ಣು ತೆರೆಯುವ ಮೊದಲೇ ಜೇನು ಬಾರದಂತೆ ಚೀಲ ಕಟ್ಟಿ, ಬೇಲಿಯಾಚೆಯ ಮೀಸೆಯ ಕೆನೆ ಡೇರೆಯ ಪರಾಗವನ್ನು ಹತ್ತಿಯಲ್ಲಿ ತಂದು ಸವರಿದ್ದಳು. ಅಕ್ಕ ಚೀಲ ಕಿತ್ತೆಸೆಯುವ ಹೊತ್ತಿಗೆ ಬೀಜ ಕಟ್ಟಿಯಾಗಿತ್ತು. ಒಣಗಿದ ಹೂವನ್ನು, ಅಕ್ಕ ಬೀಜಕ್ಕೆಂದು ತೆಗೆದಿಟ್ಟ ಉಳಿದವುಗಳ ಜೊತೆ ಕಿರಿಯವಳು ಸುಮ್ಮನೆ ಸೇರಿಸಿದಳು. ತುಕ್ಕು ಅದೇ ಬೀಜದ್ದು ಎನ್ನುವುದು ಅವಳ ವಾದ.

"ಆವಾಗಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮೊಳಕೆಯಲ್ಲೇ ಕಿತ್ತು ಹಾಕ್ತಿದ್ದೆ. ನಾನು ಇರ್ಲಿ ಅಂದ ಯಾವ ಸಸೀನ ಉಳಿಸಿದೀಯ ಹೇಳು?"

ಒಂದನ್ನೂ ಉಳಿಸಿರಲಿಲ್ಲ ಅಕ್ಕ. ಇಲ್ಲವೆಂದು ನನ್ನ ಬಳಿ ಒಪ್ಪಿದ್ದಾಳೆ. ಆದರೆ ಅಷ್ಟು ಮಾತ್ರಕ್ಕೆ ನಂಬಿಬಿಡುವವಳೇ? "ಜೇನು ಪರಾಗ ತಂದು ಕಟ್ಟಿದ ಬೀಜವೂ ಆಗಿರಬಹುದು. ನಿಂದೇ ಅನ್ನೋದಕ್ಕೆ ಏನು ಸಾಕ್ಷಿ?" ಅಂದಳು. ಅಲ್ಲೇ ಇದ್ದದ್ದು ಬಿಕ್ಕಟ್ಟು. ಅದೇ ಜೋಡಿಯನ್ನು ಮತ್ತೆ ಕೂಡಿಸಿದರೂ ಅದೇ ಹೂವು ಮತ್ತೆ ಹುಟ್ಟುವುದಿಲ್ಲ. ಹುಟ್ಟುವುದು ಅಣ್ಣ ತಮ್ಮಂದಿರು, ಅಕ್ಕ ತಂಗಿಯರು. ಹೋಲಿಕೆ ಇದ್ದೀತು ಅಷ್ಟೆ.

"ಹೋಲಿಕೇನೇ ನೋಡೋಣ" ಅಂದಳು ಕಿರಿಯವಳು.

ಆ ಹಂಗಾಮಿನಲ್ಲಿ ಇಬ್ಬರೂ ಸೇರಿ ಅತ್ತೆಯ ಕೆಂಪನ್ನೂ ಮೀಸೆಯ ಕೆನೆಯನ್ನೂ ಮತ್ತೆ ಕೂಡಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಸಾಕ್ಷಿಯಾಗಿರಲೆಂದು ನನ್ನನ್ನು ಕರೆಸಿದ್ದಳು ಅಕ್ಕ. ಸೊಳ್ಳೆಪರದೆಯ ಚೀಲಗಳನ್ನು ತಾನೇ ಹೊಲಿದಳು. ಕಿರಿಯವಳು ಪರಾಗ ಸವರುವಾಗ ಹತ್ತಿಯನ್ನು ಬಿಡಿಸಿ ನೋಡಿದಳು. ಚೀಲದ ಬಾಯಿಗೆ ತನ್ನದೇ ಗಂಟು ಹಾಕಿದಳು, ಬಿಚ್ಚಬೇಕಾದರೆ ಹಲ್ಲು ಬೇಕು ಅಂಥ ಗಂಟು. ಬೇಲಿಯಾಚೆ ಮೀಸೆ ತನ್ನ ಹೂವಿನ ಮುಂದೆ ಇಷ್ಟು ಹೆಂಗಸರು ಯಾಕೆ ಬಗ್ಗಿದ್ದಾರೆಂದು ತಿಳಿಯದೆ ಕೈಕಟ್ಟಿ ನಿಂತಿದ್ದ. "ಬೇಕಾದ್ರೆ ಕಿತ್ಕೊಂಡೇ ಹೋಗಿ" ಅಂದ. ಅಕ್ಕ ಅವನನ್ನು ದುರುಗುಟ್ಟಿ ನೋಡಿದಳು. ಇಷ್ಟು ಸುಲಭಕ್ಕೆ ಕೊಡುವವನ ಮನಸ್ಸಿನಲ್ಲಿ ಏನಿರಬಹುದು!

ಬೀಜ ಅಕ್ಕನ ಪೆಟ್ಟಿಗೆಯಲ್ಲಿ ಮಲಗಿತು, ಬೀಗದ ಕೈ ಅವಳ ಕುತ್ತಿಗೆಯಲ್ಲಿ. ಮರುವರ್ಷ ಸಸಿಗಳು ಎದ್ದವು. ಹೂವು ಬಿಡುವ ಕಾಲಕ್ಕೆ ಅವಳು ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳಂತೆ. ಮೊದಲು ಅರಳಿದ್ದು ಸಾದಾ ಕೆಂಪು. ಆಮೇಲೆ ಕೊಳಕು ಗುಲಾಬಿ. ಕಿರಿಯವಳ ಮುಖ ಸಣ್ಣಗಾಯಿತು. ಆಮೇಲೆ ಒಂದು ಮಂಕು ಕಂದು ಅರಳಿತು, ಅಂಚಿಗೆ ಕೆನೆಯ ಗೆರೆ. ಅದರ ಪಕ್ಕದ್ದು ಹಳದಿ, ಆದರೆ ಎಸಳಿನ ಹಿಂಬದಿಗೆ ಅದೇ ಹೊಗೆ. ಇನ್ನೊಂದಕ್ಕೆ ಬುಡದಲ್ಲಿ ಕಪ್ಪು ಕಾಂಡ. ಇಷ್ಟು ವರ್ಷ ಜೇನು ಕಟ್ಟಿದ ಯಾವ ಬೀಜದಿಂದಲೂ ಆ ಹೊಗೆ ಬಂದಿರಲಿಲ್ಲ. ತುಕ್ಕಿನಷ್ಟು ಚಂದದ್ದು ಒಂದೂ ಇರಲಿಲ್ಲ, ಆದರೆ ಒಂದೇ ಮನೆಯ ಮಕ್ಕಳೆಂದು ಕುರುಡರೂ ಹೇಳಬಹುದಿತ್ತು.

ಅಕ್ಕ ಕಣ್ಣಿಂದ ಗಾಜು ತೆಗೆದು ಸೆರಗಿನಲ್ಲಿ ಒರೆಸಿದಳು. ಆಮೇಲೆ, "ಮೂಗು ನಿನ್ನ ಕಡೇದೇ" ಅಂದಳು.

ಅಷ್ಟೇ ಹೇಳಿದ್ದು. ಕಿರಿಯವಳು ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳಂತೆ. ಅಕ್ಕ ಸಮಾಧಾನ ಮಾಡಲಿಲ್ಲ; ಅವಳಿಗೆ ಅದು ಬರುವುದೂ ಇಲ್ಲ. ಒಳಗೆ ಹೋಗಿ ಕಿಟಕಿಯ ಬಳಿಯಿದ್ದ ತುಕ್ಕಿನ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ತೊಟ್ಟಿಯ ಪಕ್ಕ, ಇಬ್ಬರೂ ಓಡಾಡುವ ಜಾಗದಲ್ಲಿ ಇಟ್ಟಳು.

ಅವಳು ಬದಲಾದಳು ಅಂತ ನಾನು ಹೇಳಲಾರೆ. ಮೀಸೆಯ ಮೇಲಿನ ಸಂಶಯ ಹಾಗೇ ಇದೆ. ನನ್ನ ಬಚ್ಚಲನ್ನು ಈಗಲೂ ಆಗಾಗ ಇಣುಕುತ್ತಾಳೆ. ಮೊನ್ನೆ ಇಬ್ಬರೂ ಒಟ್ಟಿಗೆ ಅಂಗಡಿಗೆ ಬಂದಿದ್ದರು. ಈ ಸಲ ಬಿಳಿಯನ್ನು ಯಾವುದರ ಜೊತೆ ಕೂಡಿಸಬೇಕು ಅನ್ನುವುದರ ಮೇಲೆ ಜಗಳ. ಅಕ್ಕ ನೇರಳೆ ಅನ್ನುವುದು, ಕಿರಿಯವಳು ಬೇಡವೇ ಬೇಡ ಅನ್ನುವುದು. ಗಿರಾಕಿಯೊಬ್ಬರು ಹೂಗುಚ್ಛಕ್ಕಾಗಿ ಕಾದು ಕಾದು ಗಂಟಲು ಸರಿಮಾಡಿಕೊಂಡರು. ಕೊನೆಗೆ ಅಕ್ಕ ಸ್ಟೂಲಿನ ಮೇಲೆ ಕುಕ್ಕರಿಸಿ, "ಸರಿ, ನಿನ್ನಿಷ್ಟ. ಆದ್ರೆ ಚೀಲ ನಾನೇ ಕಟ್ಟೋದು" ಅಂದಳು.

"ಕಟ್ಟು" ಅಂದಳು ಕಿರಿಯವಳು. "ಗಂಟು ಮಾತ್ರ ಸ್ವಲ್ಪ ಸಡಿಲ ಹಾಕು, ಹೂವಿಗೆ ಉಸಿರು ಕಟ್ಟತ್ತೆ."