ಸಂಕದ ಮೇಲೆ ನಕ್ಕ ದಿನ

ಒದ್ದೆಯಾಗಿ ಒಣಗಿದ ಹಳೆಯ ಪುಸ್ತಕಕ್ಕೊಂದು ವಾಸನೆಯಿರುತ್ತದೆ. ಅಂಟು, ಹೊಗೆ, ಮಳೆ ಮೂರೂ ಕೂಡಿದ್ದು. ಮೊನ್ನೆ ಕಪಾಟಿನ ಮೂಲೆಯಿಂದ ಅದು ಮೂಗಿಗೆ ಬಡಿದದ್ದೇ ತಡ, ಕಾನಸೂರಿನ ಹತ್ತಿರವಿದ್ದ ನಮ್ಮ ಮನೆ, ತಂಗಿ ಸುಮಿ, ಕಾಳನೆಂಬ ನಾಯಿ, ಎಲ್ಲ ಒಟ್ಟಿಗೇ ಎದ್ದು ಬಂದರು.

ಅರವತ್ತರ ಆಚೀಚಿನ ವರ್ಷಗಳು. ನಾನು ಆರನೆಯ ಇಯತ್ತೆ, ಸುಮಿ ನಾಲ್ಕನೆಯದು. ಶಾಲೆಯಲ್ಲಿ ಶನಿವಾರಕ್ಕೊಮ್ಮೆ ಮನೆಗೊಂದೇ ಪುಸ್ತಕ ಕೊಡುತ್ತಿದ್ದರು. ಸುಮಿಗೆ ಬೇಕಾದದ್ದು ನಾಯಿಯ ಕತೆಗಳು. ಅವುಗಳಲ್ಲಿ ನಾಯಿ ಕೊನೆಗೆ ಸಾಯಲೇಬೇಕು, ಇವಳು ಕಂಬಕ್ಕೊರಗಿ ಬಿಕ್ಕಿ ಬಿಕ್ಕಿ ಅಳಲೇಬೇಕು. “ಪುಸ್ತಕದ ನಾಯಿಗೆ ಅಳ್ತೆ, ಮನೆ ನಾಯಿಗೆ ಅನ್ನ ಹಾಕಲೆ ಎಂತ ದಾಡಿ ನಿಂಗೆ?” ಎಂದು ನಮ್ಮ ತಾಯಿ, ಆಯಿ, ಒಳಗಿನಿಂದ ಕೂಗುತ್ತಿದ್ದಳು. ನನಗೋ ನಗೆಯ ಪುಸ್ತಕವೇ ಆಗಬೇಕು. ಆ ವಾರದ ಸರದಿ ನನ್ನದು: ಹೆಡ್‌ಮಾಸ್ತರರ ಪೇಟದ ತುದಿಯನ್ನು ಶಾಲೆಯ ಗಂಟೆಗೆ ಕಟ್ಟಿಬಿಡುವ ಪುಂಡು ಹುಡುಗರ ಕಾದಂಬರಿ.

ದಾರಿಯಲ್ಲಿ ಓದಿಕೊಂಡೇ ನಡೆಯುವುದು ನಮ್ಮ ರೂಢಿ. ಗಟ್ಟಿಯಾಗಿ ಓದುವವಳ ಚೀಲ, ಕೊಡೆ ಎಲ್ಲ ಕೇಳುವವಳ ಹೆಗಲಿಗೆ. ಮಳೆ ಬಿಟ್ಟು ಹೊಳವಾಗಿದ್ದ ಒಂದು ಸಂಜೆ, ಹಳ್ಳಕ್ಕೆ ಅಡ್ಡ ಹಾಕಿದ ಎರಡು ದಿಮ್ಮಿಗಳ ಸಂಕ ದಾಟುವಾಗಲೂ ಓದು ನಿಲ್ಲಲಿಲ್ಲ. ಕಾಳ ಮುಂದೆ, ಸುಮಿ ನಡುವೆ, ಹಿಂದೆ ನಾನು. ಕತೆಯ ಮಾಸ್ತರರು ಕುರ್ಚಿಯಿಂದೆದ್ದರು, ಗಂಟೆ ಬಾರಿಸಿತು, ಮಕ್ಕಳೆಲ್ಲ ಮನೆಗೆ ಓಡಿದರು. ಸುಮಿ ಎರಡೂ ಚೀಲ ಕುಲುಕುವಂತೆ ನಕ್ಕಳು. ಕಾಲು ಜಾರಿತು.

ದಿಮ್ಮಿಯನ್ನು ತಬ್ಬಿ ನೇತಾಡುತ್ತಿದ್ದಳು; ಕೆಳಗೆ ಕೆಂಪು ನೀರು. ಕಾಳ ತಿರುಗಿ ಬಂದು ಅವಳ ಹೆಗಲ ಚೀಲವನ್ನು ಕಚ್ಚಿ ಹಿಡಿಯಿತು. ನಾನು? ಒಂದು ಹನಿ ಬಿದ್ದರೂ ಮುಂದೆ ಪುಸ್ತಕವಿಲ್ಲ ಎಂದಿದ್ದರು ನಮ್ಮ ಮಾಸ್ತರರು. ಪುಸ್ತಕ ಇಡಲು ಒಣ ಜಾಗ ಹುಡುಕಿದೆ. ಮೂರು ಉಸಿರಿನಷ್ಟು ಹೊತ್ತೋ, ನಾಲ್ಕೋ, ಇಂದಿಗೂ ಎಣಿಸುತ್ತೇನೆ. “ಅಕ್ಕಾ!” ಎಂದಳು. ಆಗ ಪುಸ್ತಕವನ್ನು ದಡದ ಕೆಸರಿಗೆ ಎಸೆದು, ಬೋರಲು ಬಿದ್ದು, ರಟ್ಟೆ ಹಿಡಿದು ಎಳೆದೆ. ಅವಳು ಮೇಲೆ ಬಂದಳು. ಚೀಲದ ಪಟ್ಟಿ ಹರಿದು ಕಾಳ ನೀರಿಗೆ ಬಿತ್ತು, ಕಾಣದೇ ಹೋಯಿತು.

ಒಲೆಯ ಹೊಗೆಗೆ ಹಿಡಿದು ಒಣಗಿಸೋಣವೆಂದು ಒದ್ದೆ ಪುಸ್ತಕ ಹೆಕ್ಕಿಕೊಂಡೆ. ಸುಮಿ ಮನೆಯವರೆಗೂ ಅತ್ತಳು. “ಆನು ಹೇಳಿದ್ನಿಲ್ಯ, ನಾಯಿ ಕಡಿಗೆ ಸಾಯ್ತು ಹೇಳಿ!” ಹೋಗಿ ನೋಡಿದರೆ ಕಾಳ ನಮಗಿಂತ ಮೊದಲೇ ಬಂದು, ಬಚ್ಚಲೊಲೆಯ ಬೂದಿಯಲ್ಲಿ ಹೊರಳಾಡಿ, ಆಯಿಯಿಂದ ಬೈಸಿಕೊಳ್ಳುತ್ತಿತ್ತು. ಸುಮಿ ಮೂಗೊರೆಸಿಕೊಂಡಳು. “ಇದೆಂತ ಕತೆ! ನಾಯಿ ಸತ್ತಿದ್ದೇ ಇಲ್ಲೆ!”

ಮುಂದೆ ಮದುವೆಮನೆಗಳಲ್ಲಿ, ಬಾಣಂತಿಯರ ಕೋಣೆಯಲ್ಲಿ, ಎಲ್ಲಿ ಕೂತರೂ ಅವಳು ಅದನ್ನೇ ಹೇಳಿದಳು. ಅವಳ ಕತೆಯಲ್ಲಿ ನಾನು ಕಣ್ಣು ಮಿಟುಕಿಸುವಷ್ಟೂ ತಡಮಾಡದೆ ಓಡಿ ಬರುತ್ತೇನೆ. “ಅಕ್ಕ ಇಲ್ದಿದ್ರೆ ಆನು ಇರ್ತಿದ್ನಿಲ್ಲೆ” ಎಂದು ನನ್ನ ಕಡೆ ನೋಡಿ ನಗುತ್ತಿದ್ದಳು. ನಾನು ಪುಸ್ತಕಕ್ಕೆ ಜಾಗ ಹುಡುಕಿದ್ದನ್ನು ಅವಳು ನಿಜವಾಗಿಯೂ ಕಂಡಿರಲಿಲ್ಲವೋ, ಕಂಡೂ ಹೇಳದೆ ಬಿಟ್ಟಳೋ. ಮುಂದಿನ ಸಲ ಕೇಳಿಬಿಡೋಣ ಎಂದುಕೊಳ್ಳುತ್ತಿದ್ದ ಹಾಗೆಯೇ ಕಾಳ ಹೋಯಿತು, ಆಯಿ ಹೋದಳು, ಹೋದ ವರ್ಷ ಸುಮಿಯೂ. ಈಗ ಅವಳ ಮೊಮ್ಮಕ್ಕಳು ಸುತ್ತ ಕೂತು ಆ ಕತೆ ಹೇಳು ಎನ್ನುತ್ತಾರೆ. ಸುಮಿ ಹೇಳುತ್ತಿದ್ದ ಹಾಗೆಯೇ ಹೇಳುತ್ತೇನೆ.