ಇಟಾಲಿಯನ್ ಅಜ್ಜಿಯ ಎದುರು ಮಿಮಿಕ್ರಿ

ತಪ್ಪು ನನ್ನದೇ. ಅಡಿಲೇಡ್‌ನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಇಟಾಲಿಯನ್ ಅಜ್ಜಿಯನ್ನು, ಅವರದೇ ಅಡುಗೆಮನೆಯಲ್ಲಿ ನಿಂತು ಅಣಕಿಸುತ್ತಿದ್ದೆ. ಪರ್ತ್‌ನಲ್ಲಿರುವ ನಮ್ಮ ದೊಡ್ಡಮ್ಮ ವಿಡಿಯೊ ಕಾಲ್‌ನಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಐದೂ ಬೆರಳು ಕೂಡಿಸಿ ಮೂಗಿನ ಮುಂದೆ ಆಡಿಸುತ್ತಾ, "ತಿನ್ನು, ಇನ್ನೂ ತಿನ್ನು! ಕಡ್ಡಿ ಆಗಿದ್ದೀಯ! ನಿನ್ನ ವಯಸ್ಸಿಗೆ ನನ್ನ ಮಗನಿಗೆ ಎರಡು ಮಕ್ಕಳಿದ್ದವು!" ಎಂದು ಇಟಾಲಿಯನ್‌ನಲ್ಲಿ ಗದರಿ, ಕನ್ನಡದಲ್ಲಿ ಅರ್ಥವನ್ನೂ ಹೇಳಿ ತಿರುಗಿದರೆ, ಬಾಗಿಲಲ್ಲಿ ಅಜ್ಜಿ!

ಮೂವತ್ತರ ಹೊಸ್ತಿಲಲ್ಲಿ ಇಟಾಲಿಯನ್ ಕಲಿಯುವ ಹುಚ್ಚು ಹಿಡಿದ ನನಗೆ ರೂಮು ಕೊಟ್ಟು, ಪುಕ್ಕಟೆ ಪಾಠವನ್ನೂ ಹೇಳುತ್ತಿದ್ದವರು ಅವರು. ಷರತ್ತು ಒಂದೇ, ಅವರ ಮನೆಯವನಂತೆಯೇ ಇರಬೇಕು. ಊಟದ ಮೇಲೆ ಹಾಲು ಹಾಕಿದ ಕಾಫಿ ಇಟಾಲಿಯನ್ನರಿಗೆ ಆಗದು, ಅದನ್ನು ಕೇಳಿದರೂ ಕೆಂಗಣ್ಣು. ಇನ್ನು ಇದಕ್ಕೆ? ರೂಮೂ ಹೋಯ್ತು, ಪಾಠವೂ ಹೋಯ್ತು ಅಂದುಕೊಂಡೆ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಫೋನಿನತ್ತ ನೋಡಿದರು. "ಈಗ ಅವಳ ಥರ ಮಾಡು. ನಾನೂ ಸ್ವಲ್ಪ ನಗ್ತೀನಿ."

ವಿಧಿಯಿಲ್ಲದೆ, ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇನ್ನೊಂದು ಚಪಾತಿ ಹಾಕ್ಕೊಳ್ಳೋ, ಎಷ್ಟು ಇಳಿದುಹೋಗಿದ್ದೀಯ! ಮದುವೆ ಯಾವಾಗ ಮಾಡ್ಕೋತೀಯೋ?" ಎಂದು ಗದರಿದೆ. ಪರ್ತ್‌ನ ನಗು ಅಲ್ಲಿಗೆ ನಿಂತುಹೋಯಿತು. ಅಜ್ಜಿ ಅರ್ಥ ಕೇಳಿದರು, ಹೇಳಿದೆ. ಒಂದಿಷ್ಟೂ ನಗದೆ ಅವರೆಂದರು:

"ಇದೂ ನಾನೇ, ಸೀರೆ ಉಟ್ಟಿದ್ದೀನಿ ಅಷ್ಟೆ. ನಿನಗೆ ಮಾಡೋಕೆ ಬರೋದು ಒಬ್ಬಳೇ ಮುದುಕಿ ಕಣೋ!"